ಮುಖಕ್ಕೆ ರಾಚುವ ಫ್ಲ್ಯಾಶ್‌ಗೆ ಒಂದು ಬಟರ್ ಪೇಪರ್

ಮಾಟುಂಗಾದಲ್ಲಿ ನಮ್ಮ ಕನ್ನಡ ಬಳಗದ ಭಾನುವಾರದ ಕೂಟದಲ್ಲಿ ಆಡಿದ ಮಾತು ಇದು. ಬರೆದು ಕೊಡಿ ಎಂದು ಕೆಲವರು ಕೇಳಿದರು. ಅಲ್ಲಿ ಕ್ಯಾಮೆರಾ ಹಿಡಿದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ಹೇಳಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೊದಲು ಈ ಫೋಟೊ ನೋಡಿ. ಹಿಂದಿನ ಸಾಲಿನವರಿಗೆ ಕಾಣದಿದ್ದರೆ ಕೈಯಿಂದ ಕೈಗೆ ದಾಟಿಸಿ. ಇವರು ನಮ್ಮ ಅಜ್ಜಿ. ಊರಿನಿಂದ ಮುಂಬಯಿಗೆ ಬಂದದ್ದು ಒಂದೇ ಸಲ, ನನ್ನ ತಂಗಿಯ ಮಗುವಿನ ನಾಮಕರಣಕ್ಕೆ. ಪರೇಲಿನ ಚಾಳಿನಲ್ಲಿ, ಅಂದರೆ ಸಾಲುಕೋಣೆಗಳ ವಠಾರದಲ್ಲಿ, ನಮ್ಮದು ಒಂದೇ ಖೋಲಿ, ಒಂದೇ ಕೋಣೆ. ಸಂಜೆ ಹೊತ್ತು. ಫೋಟೊ ತೆಗೆದವನು ನಾನು. ಹಣೆ, ಮೂಗು ಸುಣ್ಣ ಬಳಿದ ಹಾಗೆ ಬೆಳ್ಳಗಿವೆ. ಹಿಂದಿನ ಗೋಡೆಯ ಮೇಲೆ ತಲೆಯ ನೆರಳು ಕಪ್ಪು ಕಾಗದ ಕತ್ತರಿಸಿ ಅಂಟಿಸಿದ ಹಾಗೆ ಬಿದ್ದಿದೆ. ಕಣ್ಣಿನ ಪಾಪೆ ಕೆಂಪಾಗಿದೆ. ಅಜ್ಜಿ ನಕ್ಕರೆ ಕೆನ್ನೆಯ ಸುಕ್ಕುಗಳೆಲ್ಲ ಒಟ್ಟಿಗೆ ಕಣ್ಣಿನ ಕಡೆ ಓಡುತ್ತಿದ್ದವು. ಆ ಸುಕ್ಕುಗಳಲ್ಲಿ ಒಂದೂ ಇಲ್ಲಿ ಕಾಣುವುದಿಲ್ಲ. ಮರುವರ್ಷ ಅಜ್ಜಿ ತೀರಿಕೊಂಡರು. ಮನೆಯ ಗೋಡೆಯ ಮೇಲೆ ಇವತ್ತಿಗೂ ಇರುವುದು ಇದೇ ಫೋಟೊ. ಬೇರೆ ಇಲ್ಲ.

ಆವತ್ತು ನನಗೆ ದೊಡ್ಡ ಕ್ಯಾಮೆರಾ ಬೇಕಿರಲಿಲ್ಲ. ಒಂದು ಹಾಳೆ ಕಾಗದ ಬೇಕಿತ್ತು. ಅದನ್ನು ಎಲ್ಲಿ ಹಿಡಿಯಬೇಕು ಅಂತ ಗೊತ್ತಿರಬೇಕಿತ್ತು. ಇವತ್ತು ಅದನ್ನು ನಿಮಗೆ ತೋರಿಸಲು ಬಂದಿದ್ದೇನೆ.

ಕ್ಯಾಮೆರಾದ ತಲೆಯ ಮೇಲೆ ಟಪ್ಪಂತ ಏಳುವ ಈ ಫ್ಲ್ಯಾಶ್ ಬಗ್ಗೆ ಎಲ್ಲರೂ ಹೇಳುವುದು ಒಂದೇ. ಬೆಳಕು ಜೋರು, ಅದಕ್ಕೇ ಫೋಟೊ ಕೆಡುತ್ತದೆ. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಆದರೆ ಜೋರು ಬೇರೆ, ಒರಟು ಬೇರೆ. ಮೇ ತಿಂಗಳಲ್ಲಿ ಬೆಳಗ್ಗೆ ಹತ್ತು ಗಂಟೆಗೆ ದಾದರ್ ಸ್ಟೇಷನ್ನಿನ ಹೊರಗೆ ನಿಂತು ನಿಮ್ಮ ನೆರಳು ನೋಡಿಕೊಳ್ಳಿ. ಅಂಚು ಬ್ಲೇಡಿನಲ್ಲಿ ಕೊಯ್ದ ಹಾಗಿರುತ್ತದೆ. ಜುಲೈಯಲ್ಲಿ ಮೋಡ ಕವಿದ ದಿನ ಅದೇ ಜಾಗದಲ್ಲಿ ನಿಂತರೆ ನೆರಳು ಹುಡುಕಬೇಕು. ಸೂರ್ಯ ಅದೇ, ನೀವೂ ಅದೇ. ಬದಲಾದದ್ದು ಬೆಳಕು ಬರುವ ಜಾಗದ ಅಗಲ. ಸೂರ್ಯನ ಅಡ್ಡಗಲ ಸುಮಾರು 14 ಲಕ್ಷ ಕಿಲೋಮೀಟರ್. ಆದರೆ ಅವನಿರುವುದು 15 ಕೋಟಿ ಕಿಲೋಮೀಟರ್ ದೂರದಲ್ಲಿ. ನಮ್ಮ ಕಣ್ಣಿಗೆ ಅವನು ಬರೀ ಅರ್ಧ ಡಿಗ್ರಿ. ಕೈ ಚಾಚಿ ಕಿರುಬೆರಳು ಎತ್ತಿದರೆ ಅದರ ಹಿಂದೆ ಪೂರ್ತಿ ಅಡಗುತ್ತಾನೆ. ಮೋಡ ಬಂದಾಗ ಬೆಳಕು ಇಡೀ ಆಕಾಶದಿಂದ ಇಳಿಯುತ್ತದೆ. ಎಲ್ಲ ಕಡೆಯಿಂದ ಬಂದ ಬೆಳಕು ನೆರಳಿನೊಳಗೂ ನುಗ್ಗುತ್ತದೆ. ಹಾಗಾಗಿ ನೆರಳಿನ ಅಂಚು ಕರಗುತ್ತದೆ.

ಈಗ ಈ ಫ್ಲ್ಯಾಶ್‌ನ ಕಿಟಕಿ ಅಳೆಯೋಣ. ನನ್ನ ಕ್ಯಾಮೆರಾದಲ್ಲಿ ಅಗಲ 3 ಸೆಂಟಿಮೀಟರ್, ಎತ್ತರ 1 ಸೆಂಟಿಮೀಟರ್. ಒಂದೂವರೆ ಮೀಟರ್ ದೂರದಲ್ಲಿ ಕುಳಿತವರಿಗೆ ಅದು ಎರಡು ಸೂರ್ಯರನ್ನು ಪಕ್ಕಪಕ್ಕ ಇಟ್ಟಷ್ಟು ಅಗಲವಾಗಿ ಕಾಣುತ್ತದೆ, ಅಷ್ಟೇ. ಅಂದರೆ ನಮ್ಮ ಖೋಲಿಯೊಳಗೆ ಅಜ್ಜಿಯ ಮುಖಕ್ಕೆ ನಾನು ಮೇ ತಿಂಗಳ ಬಿಸಿಲು ಹೊಡೆದಿದ್ದೆ. ಅದೂ ನೇರ ಎದುರಿನಿಂದ. ಎದುರು ಬೆಳಕಿನಲ್ಲಿ ಮುಖದ ಉಬ್ಬುತಗ್ಗು ಕಾಣುವುದಿಲ್ಲ, ಸುಕ್ಕುಗಳು ಮಾಯವಾದದ್ದು ಅದಕ್ಕೇ. ಫ್ಲ್ಯಾಶ್ ಲೆನ್ಸಿಗೆ ತೀರಾ ಹತ್ತಿರ ಇರುವುದರಿಂದ ಬೆಳಕು ಕಣ್ಣಿನ ಒಳಗೋಡೆಯ ರಕ್ತನಾಳಗಳಿಗೆ ತಾಗಿ ಸೀದಾ ಲೆನ್ಸಿಗೇ ವಾಪಸ್ ಬರುತ್ತದೆ. ಕೆಂಗಣ್ಣು ಬರುವುದು ಹಾಗೆ.

ಇದು ಮನಸ್ಸಿಗೆ ಬಂದರೆ ಉಳಿದದ್ದೆಲ್ಲ ಸುಲಭ. ಫ್ಲ್ಯಾಶನ್ನು ಮುಚ್ಚಿದರೆ ಪ್ರಯೋಜನವಿಲ್ಲ. ಅದನ್ನು ದೊಡ್ಡದು ಮಾಡಬೇಕು.

ಮಾತಿಗಿಂತ ನೋಡಿದರೆ ಚೆನ್ನ. ಎದುರಿನ ಸಾಲಿನಲ್ಲಿದ್ದ ಅಕ್ಕ ಒಬ್ಬರು ಬಂದು ಕುರ್ಚಿಯಲ್ಲಿ ಕುಳಿತರು. ರೇಷ್ಮೆ ಸೀರೆ, ಎರಡೂ ಕಡೆ ಮೂಗುತಿ, ದಪ್ಪ ಕನ್ನಡಕ. ಬೇಕೆಂದು ಹುಡುಕಿದರೂ ಇಷ್ಟು ಕಷ್ಟದ ಪರೀಕ್ಷೆ ಸಿಗುತ್ತಿರಲಿಲ್ಲ. ಅವರ ಹಿಂದೆ ಎರಡಡಿ ದೂರದಲ್ಲಿ ಗೋಡೆ. ಸಭಾಂಗಣದ ಟ್ಯೂಬ್‌ಲೈಟುಗಳನ್ನು ಆರಿಸಿದೆವು.

ಮೊದಲನೆಯದು ಸುಮ್ನೆ ಫ್ಲ್ಯಾಶ್. ಪರದೆಯ ಮೇಲೆ ಬಂದದ್ದು ಅಜ್ಜಿಯ ಫೋಟೊದ ತಂಗಿ. ಸೀರೆಯ ಜರಿ ಬಿಳಿ ಗೀಟಾಗಿತ್ತು. ಮೂಗುತಿಯ ಹರಳುಗಳು ಎರಡು ಬಿಳಿ ಚುಕ್ಕೆಗಳಾಗಿದ್ದವು.

ಎರಡನೆಯದು ಎಲ್ಲರೂ ಮಾಡುವ ಉಪಾಯ. ಫ್ಲ್ಯಾಶ್‌ನ ಮೂತಿಗೆ ಟಿಶ್ಯೂ ಪೇಪರ್ ಅಂಟಿಸುವುದು. ಒಂದು ಪದರ ಮಡಚಿ ಕಿಟಕಿಯ ಮೇಲೇ ಒತ್ತಿ ಸೆಲ್ಲೋಟೇಪ್ ಹಾಕಿದೆ. ಫೋಟೊ ತೆಗೆದೆ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಸಭೆಯಲ್ಲಿ ಒಂದು ಗುಸುಗುಸು ಆಯಿತು. ವ್ಯತ್ಯಾಸ ಇಲ್ಲವೇ ಇಲ್ಲ ಅನ್ನಬಹುದು. ಗೋಡೆಯ ನೆರಳು ಅಷ್ಟೇ ಕಪ್ಪು, ಅಂಚು ಅಷ್ಟೇ ಹರಿತ. ಯಾಕೆಂದರೆ ಟಿಶ್ಯೂ ಅಂಟಿಸಿದರೂ ಬೆಳಕಿನ ಕಿಟಕಿ 3 ಸೆಂಟಿಮೀಟರೇ. ಟಿಶ್ಯೂ ಒಂದಿಷ್ಟು ಬೆಳಕು ತಿಂದಿತು. ಕ್ಯಾಮೆರಾ ಅದನ್ನು ತುಂಬಿಕೊಂಡಿತು. ಈಗಿನ ಕ್ಯಾಮೆರಾಗಳು ಫೋಟೊಕ್ಕೆ ಮೊದಲು ಒಂದು ಸಣ್ಣ ಮಿಂಚು ಬಿಟ್ಟು, ಲೆನ್ಸಿನೊಳಗೆ ಎಷ್ಟು ಬೆಳಕು ಬಂತು ಅಂತ ಅಳೆಯುತ್ತವೆ. ಕಡಿಮೆ ಬಂದರೆ ನಿಜವಾದ ಮಿಂಚನ್ನು ಜಾಸ್ತಿ ಮಾಡುತ್ತವೆ. ಕೊನೆಗೆ ಬ್ಯಾಟರಿ ಖರ್ಚಾಯಿತು, ಬೆಳಕು ಅದೇ ಉಳಿಯಿತು.

ಮೂರನೆಯದಕ್ಕೆ ಬಟರ್ ಪೇಪರ್ ತೆಗೆದೆ. ಎ5 ಅಳತೆ, ಅಂದರೆ 21 ಸೆಂಟಿಮೀಟರ್ ಅಗಲ, ಸುಮಾರು 15 ಸೆಂಟಿಮೀಟರ್ ಎತ್ತರ. ಅದನ್ನು ಫ್ಲ್ಯಾಶ್‌ಗೆ ಅಂಟಿಸಲಿಲ್ಲ. ಅರ್ಧ ಗೇಣು ಮುಂದೆ ಹಿಡಿದೆ. ಫ್ಲ್ಯಾಶ್‌ನ ಬೆಳಕು ಅಷ್ಟು ದೂರದಲ್ಲಿ ಹರಡಿ ಹಾಳೆಯ ಮೇಲೆ ಬೀಳುತ್ತದೆ. ಅಲ್ಲಿಂದ ಹಾಳೆಯೇ ದೀಪ. ಹಾಳೆಯ ಅರ್ಧ ಭಾಗ ಬೆಳಗಿದರೂ ನಮ್ಮ ಕಿಟಕಿಯ 50 ಪಟ್ಟು ಆಯಿತು. ಪರದೆಯ ಮೇಲೆ ಫೋಟೊ ಬಂದಾಗ ಅಕ್ಕ ತಾವೇ ಕುರ್ಚಿಯಿಂದ ಎದ್ದು ಬಂದು ನೋಡಿದರು. ಗೋಡೆಯ ನೆರಳು ಇತ್ತು, ಆದರೆ ಅಂಚು ಬೂದುಬಣ್ಣಕ್ಕೆ ಕರಗಿತ್ತು. ಜರಿಯಲ್ಲಿ ಚಿನ್ನದ ಬಣ್ಣ ಕಂಡಿತು. ಮೂಗುತಿಯ ಹರಳನ್ನು ಎಣಿಸಬಹುದಿತ್ತು, ಒಂದು ಕಡೆ ಏಳು. ಕನ್ನಡಕದ ಹೊಳಪು ಮಾತ್ರ ಹೋಗಲಿಲ್ಲ. ದೀಪ ದೊಡ್ಡದಾದರೆ ಗಾಜಿನಲ್ಲಿ ಅದರ ಪ್ರತಿಬಿಂಬವೂ ದೊಡ್ಡದಾಗುತ್ತದೆ. ಗದ್ದ ಸ್ವಲ್ಪ ಕೆಳಗೆ ಮಾಡಿ ಅಂದೆ. ಹೊಳಪು ಜಾರಿಹೋಯಿತು.

ಇದನ್ನು ಕೈಯಲ್ಲಿ ಹಿಡಿದುಕೊಂಡೇ ಫೋಟೊ ತೆಗೆಯುವುದು ಕಷ್ಟ. ಹಾಗಾಗಿ ಒಂದು ಚೌಕಟ್ಟು ಮಾಡಿಕೊಂಡಿದ್ದೇನೆ. ಹಳೆಯ ಮದುವೆ ಕಾಗದ ಎಲ್ಲರ ಮನೆಯಲ್ಲೂ ಇರುತ್ತದೆ ಅಲ್ವಾ, ಆ ದಪ್ಪ ಕಾಗದದಲ್ಲಿ ಎರಡು ಪಟ್ಟಿ ಕತ್ತರಿಸಿ. ಉದ್ದ 12 ಸೆಂಟಿಮೀಟರ್, ಅಗಲ 3. ಎರಡನ್ನೂ ಫ್ಲ್ಯಾಶ್‌ನ ಎಡಕ್ಕೊಂದು ಬಲಕ್ಕೊಂದು ಇಟ್ಟು ಒಂದು ರಬ್ಬರ್ ಬ್ಯಾಂಡ್ ಸುತ್ತಿ. ಪಟ್ಟಿಗಳ ಮುಂದಿನ ತುದಿ ಎತ್ತಿನ ಕೊಂಬಿನ ಹಾಗೆ ಸ್ವಲ್ಪ ಹೊರಗೆ ಬಾಗಿರಲಿ. ತುದಿಗಳಿಗೆ ಬಟರ್ ಪೇಪರ್ ಅಂಟಿಸಿ. ಹಾಳೆಯ ಕೆಳ ಅಂಚು ಲೆನ್ಸಿನ ಬೆನ್ನ ಮೇಲೆ ಕುಳಿತುಕೊಳ್ಳಬೇಕು. ಭಾರ ಇಲ್ಲದ್ದರಿಂದ ಫ್ಲ್ಯಾಶ್‌ನ ಕುತ್ತಿಗೆಗೆ ನೋವಿಲ್ಲ.

ಎರಡು ಮೂರು ಎಚ್ಚರಿಕೆ. ಲೆನ್ಸಿನ ಮುಂದೆ ಹುಡ್, ಅಂದರೆ ಅಡ್ಡ ಬೆಳಕು ತಡೆಯುವ ಕೊಳವೆ, ಇದ್ದರೆ ಬಿಚ್ಚಿಡಿ. ಇಲ್ಲದಿದ್ದರೆ ಫೋಟೊದ ಕೆಳಗೆ ಅರ್ಧಚಂದ್ರದ ಹಾಗೆ ಕಪ್ಪು ನೆರಳು ಬರುತ್ತದೆ. ಜೂಮನ್ನು 18 ಮಿಲಿಮೀಟರಿಗೆ, ಅಂದರೆ ತೀರಾ ಅಗಲಕ್ಕೆ, ಇಟ್ಟರೆ ಹಾಳೆಯ ಅಂಚು ಫೋಟೊದೊಳಗೆ ಇಣುಕಬಹುದು. 35ರಿಂದ 55ರ ನಡುವೆ ಇಡಿ, ಮುಖಕ್ಕೂ ಅದೇ ಒಳ್ಳೆಯದು. ಇನ್ನು ಚೌಕಟ್ಟನ್ನು ಮೇಲಿನ ಹಾಟ್ ಶೂನೊಳಗೆ, ಅಂದರೆ ಹೊರಗಿನ ಫ್ಲ್ಯಾಶ್ ಕೂರಿಸುವ ಜಾಗದೊಳಗೆ, ಸಿಕ್ಕಿಸಬೇಡಿ. ಎಷ್ಟೋ ಕ್ಯಾಮೆರಾಗಳಲ್ಲಿ ಅದರ ಅಂಚಿನಲ್ಲಿ ಒಂದು ಪುಟ್ಟ ಸ್ವಿಚ್ ಇರುತ್ತದೆ. ಏನಾದರೂ ಒತ್ತಿದರೆ ಹೊರಗಿನ ಫ್ಲ್ಯಾಶ್ ಹಾಕಿದ್ದಾರೆ ಅಂದುಕೊಂಡು ಒಳಗಿನದು ಹೊಡೆಯುವುದೇ ಇಲ್ಲ. ಒಂದು ಸೀಮಂತದ ಮನೆಯಲ್ಲಿ ಇದು ಗೊತ್ತಾಗದೆ ಅರ್ಧ ಗಂಟೆ ಕಳೆದಿದ್ದೇನೆ. ಆರತಿ ಮುಗಿದೇ ಹೋಯಿತು.

ಬೆಳಕು ಎಷ್ಟು ಕಳೆದುಕೊಳ್ಳುತ್ತೇವೆ? ಈ ಲೆಕ್ಕ ಸ್ವಲ್ಪ ಹೇಳಲೇಬೇಕು. ಒಳ ಫ್ಲ್ಯಾಶ್‌ನ ಶಕ್ತಿಯನ್ನು ಗೈಡ್ ನಂಬರಿನಲ್ಲಿ ಹೇಳುತ್ತಾರೆ. ಬಹಳಷ್ಟು ಡಿಎಸ್ಎಲ್ಆರ್‌ಗಳಲ್ಲಿ ಐಎಸ್‌ಒ 100ರಲ್ಲಿ ಅದು 12ರ ಆಸುಪಾಸು. ಐಎಸ್‌ಒ ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕೆ. ಗೈಡ್ ನಂಬರನ್ನು ಎಫ್ ನಂಬರಿನಿಂದ, ಅಂದರೆ ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಅನ್ನುವ ಅಂಕೆಯಿಂದ, ಭಾಗಿಸಿದರೆ ಬೆಳಕು ಎಷ್ಟು ಮೀಟರ್ ಮುಟ್ಟುತ್ತದೆ ಅಂತ ಸಿಗುತ್ತದೆ. ಎಫ್ 4 ಇಟ್ಟರೆ 3 ಮೀಟರ್. ಬಟರ್ ಪೇಪರ್ ಒಂದರಿಂದ ಎರಡು ಸ್ಟಾಪ್ ತಿನ್ನುತ್ತದೆ. ಒಂದು ಸ್ಟಾಪ್ ಹೋದರೆ ಬೆಳಕು ಅರ್ಧ, ಎರಡು ಸ್ಟಾಪ್ ಅಂದರೆ ಉಳಿಯುವುದು ಕಾಲು ಭಾಗ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗವಾಗುತ್ತದೆ. ಈಗ ಬೆಳಕೇ ಕಾಲು ಭಾಗವಾಗಿದೆ, ಹಾಗಾಗಿ ಮುಟ್ಟುವ ದೂರ ಅರ್ಧಕ್ಕಿಳಿಯುತ್ತದೆ. 3 ಮೀಟರ್ ಇದ್ದದ್ದು ಒಂದೂವರೆ. ಐಎಸ್‌ಒ 400 ಮಾಡಿದರೆ ನಾಲ್ಕು ಪಟ್ಟು ವಾಪಸ್ ಬಂತು, ಮತ್ತೆ 3 ಮೀಟರ್. ಮನೆಯೊಳಗೆ ನಾನು ಯಾವಾಗಲೂ 400ರಲ್ಲೇ ಶುರು ಮಾಡುತ್ತೇನೆ.

ಆದರೂ ಹತ್ತಿರ ಹೋಗಿ. ಒಂದು ಗೇಣಿನ ಹಾಳೆ ಒಂದು ಮೀಟರಿನಿಂದ ದೊಡ್ಡ ದೀಪ. ನಾಲ್ಕು ಮೀಟರಿನಿಂದ ಅದೇ ಹಾಳೆ ಮತ್ತೆ ಚಿಕ್ಕ ಚುಕ್ಕೆ.

ಬಟರ್ ಪೇಪರೇ ಆಗಬೇಕೆಂದಿಲ್ಲ. ಕೈಯನ್ನು ಹಿಂದೆ ಹಿಡಿದರೆ ಬೆರಳುಗಳ ನೆರಳು ಕಾಣಬೇಕು, ಗೆರೆಗಳು ಕಾಣಬಾರದು. ಅಂಥ ಯಾವುದಾದರೂ ನಡೆಯುತ್ತದೆ. ನಕ್ಷೆ ಬರೆಯುವ ಟ್ರೇಸಿಂಗ್ ಪೇಪರ್ ಬಹಳ ಒಳ್ಳೆಯದು. ಬಿಳಿ ಕರ್ಚೀಫಿನ ಒಂದು ಪದರ ಆಗುತ್ತದೆ. ಶ್ರೀಖಂಡದ ಡಬ್ಬಿಯ ಬಿಳಿ ಮುಚ್ಚಳ ಕೆಲವು ಆಗುತ್ತವೆ, ಕೆಲವು ತೀರಾ ದಪ್ಪ. ನನಗೆ ತುಂಬಾ ಇಷ್ಟವಾದದ್ದು ಇಡ್ಲಿ ಬಟ್ಟೆ. ಹೊಸದು, ಒಗೆದು ಗಂಜಿ ತೆಗೆದದ್ದು. ಬಳಸಿ ಹಳದಿಯಾದದ್ದು ಬೇಡ, ಆ ಹಳದಿ ಮುಖಕ್ಕೆ ಬರುತ್ತದೆ. ಮುಖ ಬೆಚ್ಚಗೆ ಕಾಣಲಿ ಅಂತ ಕೆಲವರು ಬೇಕಂತಲೇ ತೆಳು ಹಳದಿ ಜಿಲೇಟಿನ್ ಕಾಗದ ಸೇರಿಸುತ್ತಾರೆ. ಮನೆಯಲ್ಲಿ ಹಳದಿ ಬಲ್ಬು ಉರಿಯುತ್ತಿದ್ದರೆ ಅದು ಸರಿ. ಫ್ಲ್ಯಾಶ್‌ನ ಬೆಳಕು ಮಧ್ಯಾಹ್ನದ ಬಿಸಿಲಿನ ಬಣ್ಣದ್ದು, ಸುಮಾರು 5500 ಕೆಲ್ವಿನ್. ಬೆಳಕಿನ ಬಣ್ಣ ಹೇಳುವ ಈ ಅಂಕೆ ಇಳಿದಷ್ಟೂ ಬೆಳಕು ಹಳದಿ. ಹಳದಿ ಬಲ್ಬು 3000ಕ್ಕಿಂತ ಕೆಳಗೆ. ಎರಡೂ ಸೇರಿದರೆ ಮುಖ ನೀಲಿ, ಹಿಂದಿನ ಗೋಡೆ ಕಿತ್ತಳೆ.

ಹಳೆಯ ಫಿಲ್ಮ್ ಡಬ್ಬಿಯ ಬಗ್ಗೆ ಹಿರಿಯರೊಬ್ಬರು ಕೇಳಿದರು. ರೀಲ್ ಬರುತ್ತಿದ್ದ ಆ ಅರೆಪಾರದರ್ಶಕ ಡಬ್ಬಿಯ ಬೆನ್ನು ಸೀಳಿ ಫ್ಲ್ಯಾಶ್‌ಗೆ ತೊಡಿಸುತ್ತಾರೆ. ನಾನೂ ಮಾಡಿದ್ದೇನೆ. ಚಿಕ್ಕ ಖೋಲಿಯಲ್ಲಿ ಅದು ಕೆಲಸ ಮಾಡುತ್ತದೆ. ಆದರೆ ಕೆಲಸ ಮಾಡುವುದು ಡಬ್ಬಿಯಲ್ಲ, ಖೋಲಿ. ಡಬ್ಬಿ ಬೆಳಕನ್ನು ಮೇಲೆ, ಪಕ್ಕಕ್ಕೆ ಚೆಲ್ಲುತ್ತದೆ. ಅದು ಗೋಡೆ, ಛಾವಣಿಗೆ ತಾಗಿ ತಿರುಗಿ ಬರುತ್ತದೆ. ಅದೇ ಡಬ್ಬಿ ತೊಡಿಸಿ ಶಿವಾಜಿ ಪಾರ್ಕಿನ ಬಯಲಲ್ಲಿ ರಾತ್ರಿ ಫೋಟೊ ತೆಗೆಯಿರಿ. ಚೆಲ್ಲಿದ ಬೆಳಕು ಆಕಾಶಕ್ಕೆ ಹೋಗುತ್ತದೆ, ಮುಖ ಮತ್ತೆ ಒರಟು.

ಖೋಲಿಯೇ ಇಷ್ಟು ಉಪಕಾರಿಯಾದರೆ ಅದನ್ನೇ ಯಾಕೆ ಪೂರ್ತಿ ಬಳಸಬಾರದು? ಇಲ್ಲಿ ಒಂದು ಕಥೆ ಹೇಳಬೇಕು. 1956ರ 'ಅಪರಾಜಿತೊ' ಚಿತ್ರಕ್ಕೆ ಸತ್ಯಜಿತ್ ರಾಯ್ ಬನಾರಸಿನ ಮನೆಯ ಸೆಟ್ಟನ್ನು ಕಲಕತ್ತೆಯ ಸ್ಟುಡಿಯೊದಲ್ಲಿ ಹಾಕಿಸಿದರು. ನಡುವೆ ಅಂಗಳ ಇರುವ ಮನೆ. ಅಂಗಳಕ್ಕೆ ಆಕಾಶದ ಬೆಳಕು ಇಳಿದ ಹಾಗೆ ಕಾಣಬೇಕು. ಸ್ಟುಡಿಯೊದ ದೀಪಗಳನ್ನು ನೇರ ಹಾಕಿದರೆ ಹತ್ತೆಂಟು ನೆರಳು. ಛಾಯಾಗ್ರಾಹಕ ಸುಬ್ರತ ಮಿತ್ರ ಅಂಗಳದ ಮೇಲೆ ಬಿಳಿ ಬಟ್ಟೆ ಎಳೆದು ಕಟ್ಟಿದರು. ದೀಪಗಳನ್ನು ಕೆಳಗಿನಿಂದ ಆ ಬಟ್ಟೆಗೆ ತಿರುಗಿಸಿದರು. ಬಟ್ಟೆಯಿಂದ ಇಳಿದ ಬೆಳಕು ಆಕಾಶದ್ದೇ ಅನ್ನಿಸುತ್ತದೆ. ಬಟ್ಟೆಯಿಂದ ಇಂಥ ಕೆಲಸ ಮಾಡಿಸಿದ ಮನುಷ್ಯನ ಬಗ್ಗೆ ನನಗೆ ಅಪಾರ ಗೌರವ.

ಇದರ ಪಕ್ಕದಲ್ಲೇ ನಮ್ಮವರನ್ನೂ ನೆನೆಯಬೇಕು. ಮೈಸೂರಿನಿಂದ ಬಂದ ವಿ. ಕೆ. ಮೂರ್ತಿ ಇದೇ ಮುಂಬಯಿಯಲ್ಲಿ ಗುರುದತ್ ಅವರ ಚಿತ್ರಗಳಿಗೆ ಬೆಳಕು ಕೊಟ್ಟವರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಕತ್ತಲೆಯ ಸ್ಟುಡಿಯೊದೊಳಗೆ ಬೀಳುವ ಆ ಬೆಳಕಿನ ಕೋಲು ಹೊರಗಿನ ಬಿಸಿಲೇ. ಕನ್ನಡಿಗಳಿಂದ ತಿರುಗಿಸಿ ಒಳಗೆ ತಂದದ್ದು. ಒಬ್ಬರು ಬಟ್ಟೆ ಹಿಡಿದರು, ಇನ್ನೊಬ್ಬರು ಕನ್ನಡಿ. ಕನ್ನಡಿ ಬೆಳಕಿನ ದಾರಿ ಬದಲಿಸುತ್ತದೆ, ಅದನ್ನು ಹರಡುವುದಿಲ್ಲ. ಕೋಲು ಕೋಲಾಗಿಯೇ ಉಳಿಯುತ್ತದೆ. ಬಟ್ಟೆ ಹರಡುತ್ತದೆ. ಮೆತ್ತಗಿನ ಬೆಳಕು ಬೇಕಾದಾಗ ಹೊಳೆಯುವ ವಸ್ತು ಬೇಡ, ಮಾಸಲು ಬಿಳಿ ಬೇಕು.

ನಮ್ಮ ಮನೆಗಳಲ್ಲಿ ಆ ಬಟ್ಟೆ ಆಗಲೇ ಕಟ್ಟಿದೆ. ಅದು ಛಾವಣಿ. ಒಂದು ಬಿಳಿ ವಿಸಿಟಿಂಗ್ ಕಾರ್ಡನ್ನು ಫ್ಲ್ಯಾಶ್‌ನ ಮುಂದೆ 45 ಡಿಗ್ರಿ ಓರೆಯಾಗಿ ಹಿಡಿಯಿರಿ. ಬೆಳಕು ಮೇಲಕ್ಕೆ ಹೋಗಿ ಛಾವಣಿಯಿಡೀ ದೀಪವಾಗಿ ಇಳಿಯುತ್ತದೆ. ಇಲ್ಲಿ ದಾರಿ ಉದ್ದ, ಬೆಳಕು ಬಹಳ ಕಳೆಯುತ್ತದೆ, ಐಎಸ್‌ಒ 800 ಅಥವಾ 1600ಕ್ಕೆ ಹೋಗಬೇಕು. ಕಾರ್ಡಿನ ಒಳಮೈಗೆ ಅಡುಗೆಮನೆಯ ಫಾಯಿಲ್ ಅಂಟಿಸಿದರೆ ಬೆಳಕು ಜಾಸ್ತಿ ಮೇಲೆ ಹೋಗುತ್ತದೆ. ಇಲ್ಲಿ ಹೊಳಪು ಪರವಾಗಿಲ್ಲ, ಯಾಕೆಂದರೆ ಹರಡುವ ಕೆಲಸ ಛಾವಣಿಯದು. ಬರೀ ಮೇಲಿನ ಬೆಳಕಾದರೆ ಕಣ್ಣಿನ ಗುಳಿ ಕಪ್ಪಾಗುತ್ತದೆ. ಹಾಗಾಗಿ ನಾನು ಫಾಯಿಲ್ ಬಿಟ್ಟು ತೆಳುವಾದ ಕಾರ್ಡನ್ನೇ ಬಳಸುತ್ತೇನೆ. ಅದರ ಮೂಲಕ ಒಂಚೂರು ಬೆಳಕು ಮುಂದಕ್ಕೂ ಸೋರುತ್ತದೆ, ಕಣ್ಣಿನಲ್ಲಿ ಒಂದು ಮಿನುಗು ಬರುತ್ತದೆ.

ಗೋಡೆಯ ಬಣ್ಣ ನೋಡಿಕೊಳ್ಳಿ. ಹಳೆಯ ಚಾಳುಗಳಲ್ಲಿ ಹಸಿರು, ಗುಲಾಬಿ ಎಣ್ಣೆ ಪೇಂಟ್ ಇರುತ್ತದೆ. ಹಸಿರು ಗೋಡೆಗೆ ತಾಗಿ ಬಂದ ಬೆಳಕಿನಲ್ಲಿ ಮದುಮಗಳೂ ಕಾಯಿಲೆಯವಳ ಹಾಗೆ ಕಾಣುತ್ತಾಳೆ. ಅಂಥ ಕಡೆ ಮನೆಯವರಲ್ಲಿ ಒಂದು ಬಿಳಿ ಪಂಚೆ ಕೇಳಿ, ಇಬ್ಬರು ಹಿಡಿದುಕೊಳ್ಳಲಿ. ಮುಂಚೆ ಥರ್ಮಾಕೋಲ್ ಹಲಗೆ ಬಳಸುತ್ತಿದ್ದೆವು. ಗಣಪತಿ ಮಖರದ್ದು, ಅಂದರೆ ಮಂಟಪದ್ದು, ಯಾರ ಮನೆಯಲ್ಲಾದರೂ ಸಿಗುತ್ತಿತ್ತು. 2018ರಲ್ಲಿ ಮಹಾರಾಷ್ಟ್ರದಲ್ಲಿ ಅಲಂಕಾರದ ಥರ್ಮಾಕೋಲ್‌ಗೆ ನಿಷೇಧ ಬಂದ ಮೇಲೆ ಪಂಚೆಯೇ ಗತಿ, ಮಡಚಿ ಚೀಲದಲ್ಲಿ ಇಡಬಹುದು ಬೇರೆ.

ಹಿಂದಿನ ಗೋಡೆ ಕತ್ತಲಾಗುವುದು ಇನ್ನೊಂದು ದೂರು. ಒಂದು ಮೀಟರಿನಲ್ಲಿ ಮುಖ, ಎರಡು ಮೀಟರಿನಲ್ಲಿ ಗೋಡೆ ಇದ್ದರೆ ಗೋಡೆಗೆ ಸಿಗುವುದು ಕಾಲು ಬೆಳಕು. ಷಟರ್ ಅನ್ನು 1/30 ಸೆಕೆಂಡಿಗೆ ಇಳಿಸಿ. ಮಿಂಚು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಮುಗಿಯುತ್ತದೆ, ಷಟರ್ ತೆರೆದಿರುವ ಉಳಿದ ಹೊತ್ತು ಮನೆಯ ದೀಪ ಗೋಡೆಯನ್ನು ತುಂಬುತ್ತದೆ. ದೇವರ ಮನೆಯ ನಂದಾದೀಪ ಫೋಟೊದಲ್ಲಿ ಉಳಿಯುವುದೂ ಹೀಗೇ. ಜೊತೆಗೆ ಫ್ಲ್ಯಾಶ್‌ನ ಹೊಂದಾಣಿಕೆಯನ್ನು ಮೈನಸ್ 1ಕ್ಕೆ ಇಡಿ, ಮಿಂಚು ಅರ್ಧಕ್ಕಿಳಿಯುತ್ತದೆ.

ಪ್ರಶ್ನೆಗಳು ಬಂದವು. ಹೋಟೆಲ್ ನಡೆಸುವ ಅಣ್ಣ ಒಬ್ಬರು, ಮೊಬೈಲಲ್ಲಿ ಮಸಾಲೆ ದೋಸೆಯ ಫೋಟೊ ತೆಗೆದರೆ ಎಣ್ಣೆ ಮಾತ್ರ ಹೊಳೆಯುತ್ತದೆ ಮಾರಾಯ್ರೆ, ಏನು ಮಾಡುವುದು ಅಂದರು. ಮೊಬೈಲಿನ ಫ್ಲ್ಯಾಶ್ ಬಟಾಣಿ ಕಾಳಿನಷ್ಟು ಚಿಕ್ಕ ಎಲ್‌ಇಡಿ, ಶಕ್ತಿಯೂ ಕಡಿಮೆ. ಅದರ ಮುಂದೆ ಹಾಳೆ ಹಿಡಿದು ಗುದ್ದಾಡಬೇಡಿ. ಇನ್ನೊಂದು ಮೊಬೈಲಿನ ಟಾರ್ಚ್ ಹಾಕಿ, ತಟ್ಟೆಯ ಪಕ್ಕದಲ್ಲಿ ಹುಡುಗನೊಬ್ಬ ಇಡ್ಲಿ ಬಟ್ಟೆಯ ಹಿಂದೆ ಅದನ್ನು ಹಿಡಿಯಲಿ, ಬಟ್ಟೆಗೆ ಒಂದು ಗೇಣು ದೂರ. ನಿಮ್ಮ ಮೊಬೈಲಿನ ಫ್ಲ್ಯಾಶ್ ಆರಿಸಿ. ಪಕ್ಕದಿಂದ ಬೆಳಕು ಬಂದರೆ ದೋಸೆಯ ಗರಿಗರಿ ಅಂಚು, ಮೇಲಿನ ಕಣ್ಣುಕಣ್ಣು ತೂತು ಎಲ್ಲ ಎದ್ದು ಕಾಣುತ್ತದೆ. ಹೋಟೆಲಿನಲ್ಲಿ ಇಡ್ಲಿ ಬಟ್ಟೆಗೆ ಬರವೇ?

ಕಾಲೇಜು ಹುಡುಗಿಯೊಬ್ಬಳು ಯಕ್ಷಗಾನದ ಬಗ್ಗೆ ಕೇಳಿದಳು. ರಂಗದಿಂದ ಹತ್ತು ಸಾಲು ಹಿಂದೆ ಕೂತು ಫೋಟೊ ತೆಗೆಯಲು ಯಾವ ಹಾಳೆ ಒಳ್ಳೆಯದು? ಯಾವುದೂ ಅಲ್ಲಮ್ಮ. ಅಲ್ಲಿಂದ ಈ ಫ್ಲ್ಯಾಶ್ ರಂಗ ಮುಟ್ಟುವುದೇ ಇಲ್ಲ. ಮುಂದಿನ ಸಾಲಿನವರ ತಲೆ ಮಾತ್ರ ಬೆಳಗುತ್ತದೆ. ವೇಷಧಾರಿಗೆ ಕತ್ತಲಿನಿಂದ ಬರುವ ಒಂದೊಂದು ಮಿಂಚೂ ಕಣ್ಣಿಗೆ ಚುಚ್ಚುತ್ತದೆ. ಅಲ್ಲಿ ಫ್ಲ್ಯಾಶ್ ಆರಿಸಿ, ರಂಗದ ದೀಪವನ್ನೇ ನಂಬಿ. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವಾಗ ಅಪ್ಪಣೆ ಕೇಳಿ ಹತ್ತಿರ ಹೋಗಿ. ಅಲ್ಲಿ ಬಟರ್ ಪೇಪರ್ ತೆಗೆಯಿರಿ. ಕಿರೀಟದ ಬೇಗಡೆ ಬಿಳಿಯಾಗಿ ಸುಟ್ಟುಹೋಗದೆ ಬಣ್ಣಬಣ್ಣವಾಗಿ ಬರುತ್ತದೆ.

ಕೊನೆಗೆ ಜಾಗ್ರತೆಯ ಮಾತು. ಕಾಗದ, ಪ್ಲಾಸ್ಟಿಕ್ ಯಾವುದನ್ನೂ ಫ್ಲ್ಯಾಶ್‌ನ ಗಾಜಿಗೆ ತಾಗಿಸಿ ಕಟ್ಟಿ ಮೇಲಿಂದ ಮೇಲೆ ಹೊಡೆಯಬೇಡಿ. ಬಿಸಿಯಾಗುತ್ತದೆ, ತೆಳು ಪ್ಲಾಸ್ಟಿಕ್ ಮೆತ್ತಗಾಗಿ ಅಂಟಿಕೊಳ್ಳಬಹುದು. ಕೆಟ್ಟ ಕ್ಯಾಮೆರಾದಿಂದ ಫ್ಲ್ಯಾಶ್ ಬಿಚ್ಚಿ ಏನಾದರೂ ಮಾಡೋಣ ಅಂತ ಹುಡುಗರು ಹೊರಡುತ್ತಾರೆ. ದಯವಿಟ್ಟು ಬೇಡ. ಒಳಗಿನ ಕೆಪಾಸಿಟರ್ ಸುಮಾರು 300 ವೋಲ್ಟಿಗೆ ತುಂಬಿರುತ್ತದೆ. ಬ್ಯಾಟರಿ ತೆಗೆದ ಮೇಲೂ ಆ ಚಾರ್ಜ್ ಉಳಿದಿರುತ್ತದೆ, ಹೊಡೆತ ಸಣ್ಣದಲ್ಲ.

ಹಿಂದಿನ ಮೇಜಿನ ಮೇಲೆ ಬಟರ್ ಪೇಪರ್ ಕತ್ತರಿಸಿ ಇಟ್ಟಿದ್ದೇನೆ, ಹಳೆಯ ಮದುವೆ ಕಾಗದಗಳಿವೆ, ಕತ್ತರಿ, ರಬ್ಬರ್ ಬ್ಯಾಂಡ್ ಇವೆ. ಕಾಫಿ ಬರಲು ಇನ್ನೂ ಇಪ್ಪತ್ತು ನಿಮಿಷ ಇದೆಯಂತೆ. ಕ್ಯಾಮೆರಾ ತಂದವರು ಬನ್ನಿ, ಮಾಡಿಕೊಂಡೇ ಹೋಗಿ. ಅಜ್ಜಿ, ಅಮ್ಮ ಯಾರಾದರೂ ಜೊತೆಗೆ ಬಂದಿದ್ದರೆ ಮೊದಲ ಫೋಟೊ ಅವರದ್ದೇ ತೆಗೆಯಿರಿ. ಆ ಕುರ್ಚಿ ಖಾಲಿ ಇದೆ.